122ರ ಪಕ್ಕ 124: ದ್ರಾಕ್ಷಿ ಟಾನಿಕ್ಕಿನ ಬಾಟಲಿಯಲ್ಲಿ ಸಿಕ್ಕ ಜೋಡಿ

ತಿಕೋಟಾದಿಂದ ಪುಣೆಗೆ ಬಂದ ಕಾಕಾ ಕೈಚೀಲದಿಂದ ಮೊದಲು ಶೇಂಗಾ ಹೋಳಿಗೆ ತೆಗೆದರು. ಅದರ ಕೆಳಗೆ ಅವರ ತೋಟದ ದ್ರಾಕ್ಷಿಯ ಲ್ಯಾಬ್ ರಿಪೋರ್ಟ್ ಮಡಚಿಟ್ಟಿತ್ತು. ರಿಪೋರ್ಟಿನ ಕೆಳಗೆ, ಹಳೇ ಪೇಪರಿನಲ್ಲಿ ಸುತ್ತಿದ ಒಂದು ಪ್ಲಾಸ್ಟಿಕ್ ಬಾಟಲಿ.

‘ಏ ತಮ್ಮಾ, ಈ ವರ್ಷ ನಾ ಲಿಹೋಸಿನ್ ಮುಟ್ಟೇ ಇಲ್ಲ. ಮತ್ತ ಇದರಾಗ ಹೆಂಗ್ ಬಂತು?’

ರಿಪೋರ್ಟ್ ನೋಡಿದೆ. ಉದ್ದ ಪಟ್ಟಿ. ಎಲ್ಲದರ ಎದುರು ‘ಪತ್ತೆಯಾಗಿಲ್ಲ’ ಅಂತ ಇತ್ತು. ಒಂದರ ಎದುರು ಮಾತ್ರ ಅಂಕಿ: ಕ್ಲೋರ್ಮೆಕ್ವಾಟ್. ರೈತರ ಬಾಯಲ್ಲಿ ಅದು ಸಿಸಿಸಿ, ಅಂಗಡಿಯಲ್ಲಿ ಲಿಹೋಸಿನ್. ಏಪ್ರಿಲ್ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ, ಆದ ಮೇಲೆ ಬಳ್ಳಿ ಸುಮ್ನೆ ಉದ್ದಕ್ಕೆ ಓಡದೆ, ಕಡ್ಡಿಯಲ್ಲಿ ಕಾಯಿ ಹಿಡಿಯುವ ಕಣ್ಣು ಕಟ್ಟಲಿ ಅಂತ ಹೊಡೆಯುವ ಔಷಧ ಇದು. ಬಳ್ಳಿಯೊಳಗೆ ಸೇರಿಕೊಂಡರೆ ಬೇಗ ಬಿಡುವ ಜಾತಿಯದ್ದಲ್ಲ.

ಈ ಹೆಸರು ಕೇಳಿದರೆ ದ್ರಾಕ್ಷಿ ರಫ್ತು ಮಾಡುವವರಿಗೆ ಇವತ್ತಿಗೂ 2010 ನೆನಪಾಗುತ್ತದೆ. ಆ ವರ್ಷ ಭಾರತದ ದ್ರಾಕ್ಷಿ ತುಂಬಿದ ಕಂಟೇನರುಗಳು ಯುರೋಪಿನಲ್ಲಿ ಕ್ಲೋರ್ಮೆಕ್ವಾಟ್ ಕಾರಣಕ್ಕೆ ನಿಂತುಹೋದವು. ಅಲ್ಲಿನ ಮಿತಿ ಕಿಲೋಗೆ 0.05 ಮಿಲಿಗ್ರಾಂ ಇತ್ತು. ನಮ್ಮ ಲ್ಯಾಬುಗಳು ಪರೀಕ್ಷೆ ಮಾಡಿರಲಿಲ್ಲ ಅಂತಲ್ಲ. ಮಾಡಿದ್ದರು, ರಿಪೋರ್ಟೂ ಕೊಟ್ಟಿದ್ದರು. ಆದರೆ ಆಗ ಹುಡುಕುತ್ತಿದ್ದ ಪಟ್ಟಿಯಲ್ಲಿ ಈ ಹೆಸರೇ ಇರಲಿಲ್ಲ.

ಈ ಲೇಖನ ಬರೆಯಲು ಕೂತದ್ದೇ ಆ ಒಂದು ಮಾತಿಗಾಗಿ. ನಾನು ಪುಣೆ ಹತ್ತಿರದ ಭೋಸರಿಯ ಒಂದು ಟೆಸ್ಟಿಂಗ್ ಲ್ಯಾಬಿನಲ್ಲಿ, ಅಣುಗಳನ್ನು ತೂಗುವ ಮಾಸ್ ಸ್ಪೆಕ್ಟ್ರೋಮೀಟರ್ ಎದುರು ದಿನ ಕಳೆಯುವವನು. ನಮ್ಮ ಯಂತ್ರಕ್ಕೆ ಪಟ್ಟಿ ಕೊಟ್ಟರೆ ಪಟ್ಟಿಯಲ್ಲಿರುವುದನ್ನು ಅದ್ಭುತವಾಗಿ ಹುಡುಕುತ್ತದೆ. ಪಟ್ಟಿಯಲ್ಲಿ ಇಲ್ಲದ್ದು ಎದುರಿಗೇ ಕೂತಿದ್ದರೂ ಮಾತಾಡಿಸುವುದಿಲ್ಲ. ಕೇಳದೆಯೇ ಬಂದ ಅತಿಥಿಯನ್ನು ಗುರುತಿಸಲು ನಮಗಿರುವ ಹಳೆಯ, ಬಿಟ್ಟಿ ಉಪಾಯವೆಂದರೆ ಐಸೊಟೋಪ್ ವಿನ್ಯಾಸ. ಐಸೊಟೋಪ್ ಅಂದರೆ ಒಂದೇ ಮೂಲವಸ್ತುವಿನ ಬೇರೆ ಬೇರೆ ತೂಕದ ಪರಮಾಣು. ಅದು ಕ್ಲೋರಿನ್, ಬ್ರೋಮಿನ್‌ಗೆ ಚೆನ್ನಾಗಿ ನಡೆಯುತ್ತದೆ. ತೊಂದರೆ ಏನೆಂದರೆ, ಈಗ ಬರುತ್ತಿರುವ ಹೊಸ ಔಷಧಗಳಲ್ಲಿ ಫ್ಲೋರಿನ್ ಜಾಸ್ತಿ. ಫ್ಲೋರಿನ್ ಆ ಉಪಾಯಕ್ಕೆ ಬಗ್ಗುವುದಿಲ್ಲ.

ಮೊದಲು ಸುಲಭದ್ದು. ಕ್ಲೋರಿನ್ನಿನ ಪರಮಾಣು ತೂಕ 35.5 ಅಂತ ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ಆದರೆ 35.5 ತೂಗುವ ಕ್ಲೋರಿನ್ ಪರಮಾಣು ಲೋಕದಲ್ಲಿ ಒಂದೂ ಇಲ್ಲ! ಇರುವುದು 35ರದ್ದು ಮತ್ತು 37ರದ್ದು. ನೂರರಲ್ಲಿ ಸುಮಾರು 76 ಹಗುರದವು, 24 ಭಾರದವು. ಸರಾಸರಿ ತೆಗೆದರೆ 35.5. ಇದನ್ನು ಕೇಂಬ್ರಿಜ್‌ನಲ್ಲಿ ಆಸ್ಟನ್ ತೋರಿಸಿಕೊಟ್ಟ. 1919ರಲ್ಲಿ ಅವನು ಕಟ್ಟಿದ ಯಂತ್ರವೇ ನಮ್ಮ ಯಂತ್ರದ ಮುತ್ತಜ್ಜ. 1922ರಲ್ಲಿ ಅವನಿಗೆ ನೊಬೆಲ್ ಬಂತು.

ಮಾಸ್ ಸ್ಪೆಕ್ಟ್ರೋಮೀಟರ್ ಸರಾಸರಿ ತೆಗೆಯುವುದಿಲ್ಲ. ಒಂದೊಂದು ಅಣುವಿಗೂ ವಿದ್ಯುತ್ ಆವೇಶ ಕೊಟ್ಟು, ಬೇರೆ ಬೇರೆಯಾಗಿ ತೂಗುತ್ತದೆ. ಹಾಗಾಗಿ ಒಂದು ಕ್ಲೋರಿನ್ ಇರುವ ಅಣು ಪರದೆಯ ಮೇಲೆ ಒಂದು ಕಡ್ಡಿಯಾಗಿ ಬರುವುದಿಲ್ಲ, ಎರಡಾಗಿ ಬರುತ್ತದೆ. ಎರಡನೆಯದು ಎರಡು ಅಂಕ ಮುಂದೆ, ಎತ್ತರ ಮೊದಲಿನದರ ಮೂರನೇ ಒಂದು ಭಾಗ. ನಾವು ಅದನ್ನು ಎಂ ಮತ್ತು ಎಂ ಪ್ಲಸ್ 2 ಅನ್ನುತ್ತೇವೆ. ಬ್ರೋಮಿನ್ ಇದ್ದರೆ ಎರಡು ಕಡ್ಡಿಗಳೂ ಜೋಡೆತ್ತಿನ ಹಾಗೆ ಸಮ ಎತ್ತರ. 79 ಮತ್ತು 81ರ ಬ್ರೋಮಿನ್‌ಗಳು ನಿಸರ್ಗದಲ್ಲಿ ಹೆಚ್ಚುಕಡಿಮೆ ಅರ್ಧರ್ಧ ಇರುವುದೇ ಕಾರಣ.

ಎರಡು ಕ್ಲೋರಿನ್ ಇದ್ದರೆ? ಜೋಳದ ಚೀಲ ನೆನೆಸಿಕೊಳ್ಳಿ. ನಾಲ್ಕಕ್ಕೆ ಮೂರು ಬಿಳಿ ಜೋಳ, ಒಂದು ಕೆಂಪು. ಕಣ್ಣು ಮುಚ್ಚಿ ಎರಡು ಕಾಳು ತೆಗೆಯಿರಿ. ಹದಿನಾರು ಸಲದಲ್ಲಿ ಒಂಬತ್ತು ಸಲ ಎರಡೂ ಬಿಳಿ, ಆರು ಸಲ ಒಂದೊಂದು, ಒಂದು ಸಲ ಎರಡೂ ಕೆಂಪು. ಪರದೆಯ ಮೇಲೂ ಅದೇ: 9, 6, 1. ಡೈಕ್ಲೋಫೆನಾಕ್ ಮಾತ್ರೆ ಕರಗಿಸಿ ಯಂತ್ರಕ್ಕೆ ಕೊಟ್ಟರೆ 296, 298, 300ರಲ್ಲಿ ಈ ಇಳಿಜಾರು ಮೆಟ್ಟಿಲು ಕಾಣುತ್ತದೆ. ರಣಹದ್ದುಗಳನ್ನು ಕೊಂದ ಔಷಧ ಅದು. ದನಗಳಿಗೆ ಕೊಡುವುದನ್ನು 2006ರಲ್ಲಿ ನಿಲ್ಲಿಸಿದರು.

ಮೂರು ಕ್ಲೋರಿನ್ ಆದರೆ 27, 27, 9, 1. ಮೊದಲ ಎರಡು ಸಮ ಇರುವುದರಿಂದ ಹೊಸಬರು ಬ್ರೋಮಿನ್ ಅಂತ ಮೋಸ ಹೋಗುತ್ತಾರೆ. ಮೂರನೇ ಕಡ್ಡಿ ನೋಡಿದರೆ ಗೊತ್ತಾಗಿಬಿಡುತ್ತದೆ, ಆದರೆ ನೋಡಬೇಕಲ್ಲ. ಇದಕ್ಕೆ ಸುಲಭವಾಗಿ ಸಿಗುವ ಉದಾಹರಣೆ ಕ್ಲೋರ್‌ಪೈರಿಫಾಸ್. ಮನೆಗೆ ಗೆದ್ದಲು ಬಂದರೂ ಅದೇ, ಹತ್ತಿಗೆ ಹುಳ ಬಂದರೂ ಅದೇ ಅನ್ನುವ ಕಾಲವೊಂದಿತ್ತು. ಯುರೋಪ್ 2020ರಲ್ಲಿ ಅದನ್ನು ಕೈಬಿಟ್ಟು ಮಿತಿಯನ್ನು ಕಿಲೋಗೆ 0.01 ಮಿಲಿಗ್ರಾಂಗೆ ಇಳಿಸಿತು. 2025ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧ ಪಟ್ಟಿಗೂ, ಕೆಲವು ವಿನಾಯಿತಿಗಳ ಜೊತೆ, ಸೇರಿತು.

ಒಂದು ಕ್ಲೋರಿನ್ ಒಂದು ಬ್ರೋಮಿನ್ ಕೂಡಿದ್ದರೆ 3, 4, 1. ಎರಡು ಬ್ರೋಮಿನ್ ಇದ್ದರೆ 1, 2, 1, ನಡುವೆ ಗೋಪುರ. ಕೆಲವು ವರ್ಷ ಇದನ್ನೇ ನೋಡಿದ ಮೇಲೆ ಲೆಕ್ಕ ಬೇಕಾಗುವುದಿಲ್ಲ. ದೂರದಿಂದ ನಡಿಗೆ ನೋಡಿ ಯಾರ ಮಗ ಅಂತ ಹೇಳುವ ಹಾಗೆ ಆಗಿಬಿಡುತ್ತದೆ.

ಇಷ್ಟು ಒಳ್ಳೆಯ ಗುರುತು ಇರುವಾಗ 2010ರಲ್ಲಿ ಯಾರ ಕಣ್ಣಿಗೂ ಯಾಕೆ ಬೀಳಲಿಲ್ಲ? ಎರಡು ಕಾರಣ ಇವೆ, ಎರಡೂ ಇವತ್ತಿನ ಲ್ಯಾಬಿಗೂ ಸಲ್ಲುವವೇ.

ಒಂದು, ಕ್ಲೋರ್ಮೆಕ್ವಾಟ್ ಉಪ್ಪಿನಂಥ ವಸ್ತು. ನೀರಿನಲ್ಲಿ ಕರಗಿ ಕೂರುತ್ತದೆ. ಒಂದೇ ಸಲಕ್ಕೆ ನೂರಾರು ಕೀಟನಾಶಕ ಹಿಡಿಯುವ ಸಾಮಾನ್ಯ ಪದ್ಧತಿಯಲ್ಲಿ ದ್ರಾಕ್ಷಿ ರಸವನ್ನು ಈಥೈಲ್ ಅಸಿಟೇಟಿನಂಥ ದ್ರಾವಕದಲ್ಲಿ ಕಲಕಿ ಮೇಲಿನ ಪದರ ತೆಗೆದುಕೊಳ್ಳುತ್ತಾರೆ. ಕ್ಲೋರ್ಮೆಕ್ವಾಟ್ ಕೆಳಗಿನ ನೀರಿನಲ್ಲೇ ಉಳಿಯುತ್ತದೆ. ನಾವು ಆ ನೀರನ್ನು ಸಿಂಕಿಗೆ ಚೆಲ್ಲುತ್ತೇವೆ. ಅದಕ್ಕೆ ಬೇರೆಯದೇ ಪದ್ಧತಿ ಬೇಕು.

ಎರಡನೆಯದು ಯಂತ್ರದ ಬಗೆ. ಶೇಷಾಂಶ ಪರೀಕ್ಷೆಗೆ ಹೆಚ್ಚಿನ ಲ್ಯಾಬುಗಳು ಬಳಸುವುದು ಟ್ರಿಪಲ್ ಕ್ವಾಡ್. ಅದರ ಕೆಲಸ ಕೀಲಿ ತೂತಿನಲ್ಲಿ ಕಣ್ಣಿಟ್ಟ ಹಾಗೆ. ‘122 ಬಂದರೆ ಒಳಗೆ ಬಿಡು, ಒಡೆ, ಒಡೆದ ಮೇಲೆ 58 ಸಿಕ್ಕರೆ ಎಣಿಸು’ ಅಂತ ಹೇಳಿಟ್ಟಿರುತ್ತೇವೆ. 122 ಅಂದರೆ ಹಗುರ ಕ್ಲೋರಿನ್ ಇರುವ ಕ್ಲೋರ್ಮೆಕ್ವಾಟ್. ಹೇಳದ ಅಂಕಿ ಬಂದರೆ ಅದು ಬಾಗಿಲಲ್ಲೇ ಬಿದ್ದುಹೋಗುತ್ತದೆ. ಈ ಬಿಗಿಯಿಂದಲೇ ಕಿಲೋಗೆ 0.01 ಮಿಲಿಗ್ರಾಂ ಅಳೆಯಲು ಸಾಧ್ಯ. ಹಾಗಾಗಿ ನಾನು ಟ್ರಿಪಲ್ ಕ್ವಾಡ್‌ನ ವಿರೋಧಿ ಅಲ್ಲ, ನನ್ನ ಸಂಬಳ ಅದರಿಂದಲೇ ಬರುತ್ತದೆ. ಆದರೆ ‘ಪತ್ತೆಯಾಗಿಲ್ಲ’ ಅನ್ನುವ ಮಾತಿಗೆ ‘ನಾವು ಕೇಳಿದ್ದರಲ್ಲಿ’ ಅನ್ನುವ ಬಾಲ ಇದೆ. ಆ ಬಾಲವನ್ನು ರಿಪೋರ್ಟಿನಲ್ಲಿ ಯಾರೂ ಅಚ್ಚು ಹಾಕುವುದಿಲ್ಲ.

ಇದೇ ಯಂತ್ರದಲ್ಲೂ ಕ್ಲೋರಿನ್ ಜೋಡಿಯನ್ನು ಜಾಣತನದಿಂದ ಬಳಸಬಹುದು. ಯುರೋಪಿನ ಮಾರ್ಗಸೂಚಿ ಪ್ರಕಾರ ಒಂದು ವಸ್ತು ಇದೆ ಅನ್ನಲು ಕನಿಷ್ಠ ಎರಡು ಅಯಾನು (ವಿದ್ಯುತ್ ಆವೇಶ ಇರುವ ಅಣು ಅಥವಾ ತುಂಡು) ಸಿಗಬೇಕು. ಅವುಗಳ ಅನುಪಾತ ಸ್ಟ್ಯಾಂಡರ್ಡಿನ, ಅಂದರೆ ಹೋಲಿಕೆಗೆ ಇಟ್ಟ ಶುದ್ಧ ವಸ್ತುವಿನ, ಅನುಪಾತಕ್ಕೆ ಶೇಕಡಾ 30ರ ಆಚೀಚೆ ಇರಬೇಕು. ಕ್ಲೋರ್ಮೆಕ್ವಾಟ್‌ಗೆ 122ರಿಂದ 58 ಒಂದು, 124ರಿಂದ 58 ಇನ್ನೊಂದು. 58ರ ತುಂಡಿನಲ್ಲಿ ಕ್ಲೋರಿನ್ ಇಲ್ಲ, ಹಾಗಾಗಿ ಎರಡು ಕಡೆಯಿಂದಲೂ 58ಕ್ಕೇ ಬಂದು ನಿಲ್ಲುತ್ತದೆ. ಕ್ಲೋರಿನ್ ಉಳಿಸಿಕೊಂಡ ತುಂಡು ನೋಡಿದರೆ 122ರಿಂದ 63, 124ರಿಂದ 65. ಮೂರಕ್ಕೊಂದು ಲೆಕ್ಕ ಹೊಂದಿತು ಅಂದರೆ ಕಳ್ಳ ಸಿಕ್ಕಂತೆ. ಕಾಕಾರ ರಿಪೋರ್ಟ್ ಮಾಡಿದವರೂ ಹೀಗೇ ನೋಡಿರಬೇಕು. ಫಲಿತಾಂಶದ ಬಗ್ಗೆ ನನಗೆ ಅನುಮಾನ ಬರಲಿಲ್ಲ.

‘ಹೊಡದದ್ದೆಲ್ಲಾ ಡೈರಿಯೊಳಗ ಬರದೀರಿ?’ ಅಂತ ಕೇಳಿದೆ.

‘ಬರದೇನಿ. ಇದೊಂದ್ ಬಿಟ್ಟು. ಇದು ಔಷಧ ಅಲ್ಲಲಾ, ಟಾನಿಕ್.’

ಬಾಟಲಿಯ ಮೇಲೆ ಹಸಿರು ಬಳ್ಳಿಯ ಚಿತ್ರ. ‘ಸಮುದ್ರ ಪಾಚಿಯ ಸಾರ’ ಅಂತ ದಪ್ಪಕ್ಷರ. ತಯಾರಿಸಿದವರ ವಿಳಾಸ ಅರ್ಧ ಉಜ್ಜಿಹೋಗಿತ್ತು, ಬ್ಯಾಚ್ ನಂಬರ್ ಇರಲೇ ಇಲ್ಲ. ತಳದಲ್ಲಿ ನಾಲ್ಕು ಬೆರಳು ಕಂದು ದ್ರವ ಉಳಿದಿತ್ತು.

ಮೇಲಿನವರ ಒಪ್ಪಿಗೆ ಕೇಳಿ ರಾತ್ರಿ ಪಾಳಿಯಲ್ಲಿ ಅದನ್ನು ಹತ್ತು ಸಾವಿರ ಪಟ್ಟು ತೆಳು ಮಾಡಿದೆ. ಟ್ರಿಪಲ್ ಕ್ವಾಡ್‌ಗೆ ಹಾಕಲಿಲ್ಲ. ಪಕ್ಕದಲ್ಲಿರುವ ಟೈಮ್ ಆಫ್ ಫ್ಲೈಟ್ ಯಂತ್ರಕ್ಕೆ ಹಾಕಿ, ಬಂದದ್ದನ್ನೆಲ್ಲ ತೋರಿಸು ಅಂತ ಬಿಟ್ಟೆ. ಫುಲ್ ಸ್ಕ್ಯಾನ್ ಅನ್ನುತ್ತಾರೆ.

ಪರದೆ ತುಂಬ ಹುಲ್ಲು ಬೆಳೆದ ಹಾಗೆ ಕಡ್ಡಿಗಳು. ಎಡಗಡೆ ಒಂದು ಎತ್ತರದ್ದು: 122.0731. ಅದರ ಪಕ್ಕ 123ರಲ್ಲಿ ಕಂಡೂ ಕಾಣದ ಒಂದು ಮೊಳಕೆ, ಮುಖ್ಯ ಕಡ್ಡಿಯ ಶೇಕಡಾ 6ರಷ್ಟು. ಕಾರ್ಬನ್ನಿಗೂ ಅಪರೂಪಕ್ಕೆ ಒಂದು ಅಂಕ ಭಾರದ ರೂಪ ಇರುತ್ತದೆ, ಇದು ಐದು ಕಾರ್ಬನ್ನಿಗೆ ಸರಿಯಾದ ಪ್ರಮಾಣ. ಅದರಾಚೆ 124.0702, ಮೂರನೇ ಒಂದು ಎತ್ತರ. ಮೂರು ಸೆಕೆಂಡಿನ ಕೆಲಸ. ಸಮುದ್ರ ಪಾಚಿಯೊಳಗೆ ಲಿಹೋಸಿನ್ ಈಜಾಡುತ್ತಿತ್ತು.

ಇಲ್ಲಿ ದಶಾಂಶ ಸ್ಥಾನಗಳನ್ನು ಸ್ವಲ್ಪ ಹತ್ತಿರದಿಂದ ನೋಡಿ. ಎರಡು ಕಡ್ಡಿಗಳ ಅಂತರ ಸರಿಯಾಗಿ 2 ಅಲ್ಲ, 1.997. ಕ್ಲೋರಿನ್ ಜೋಡಿಯ ಸಹಿ ಇದು. ಎರಡು ಹೈಡ್ರೋಜನ್ ಜಾಸ್ತಿ ಇರುವ ಬೇರೆ ಅಣು ಪಕ್ಕದಲ್ಲಿ ಬಂದಿದ್ದರೆ ಅಂತರ 2.016 ಆಗುತ್ತಿತ್ತು. ಎರಡು ಭಾರದ ಕಾರ್ಬನ್ ಸೇರಿದ್ದರೆ 2.007. ಹಳೆಯ ಯಂತ್ರಗಳಿಗೆ ಇವೆಲ್ಲ ಒಂದೇ, ‘ಎರಡು’ ಅಷ್ಟೇ.

ಈ ವ್ಯತ್ಯಾಸವನ್ನು ನಾನು ಮರ್ಯಾದೆ ಕಳೆದುಕೊಂಡು ಕಲಿತೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಒಂದು ಔಷಧ ಕಂಪನಿಯ ಮಾದರಿಯಲ್ಲಿ ಸಮ ಎತ್ತರದ ಎರಡು ಕಡ್ಡಿ ಕಂಡವು, ನಡುವೆ ಎರಡು ಅಂಕ. ಬ್ರೋಮಿನ್ ಅಂತ ಬರೆದೇಬಿಟ್ಟೆ. ಅವರ ತಯಾರಿಕೆಯಲ್ಲಿ ಬ್ರೋಮಿನ್ ಎಲ್ಲೂ ಬರುವುದೇ ಇಲ್ಲ. ಮೀಟಿಂಗಿನಲ್ಲಿ ಎಲ್ಲರೂ ನನ್ನ ಮುಖ ನೋಡಿದರು. ಆಮೇಲೆ ಹಿರಿಯರೊಬ್ಬರು ಎರಡು ಅಂಕಿಗಳ ಗ್ರಾಫನ್ನೂ ಒಂದರ ಮೇಲೊಂದು ಇಟ್ಟು ತೋರಿಸಿದರು. ಒಂದರ ತುದಿ ನಾಲ್ಕು ಸೆಕೆಂಡು ಮೊದಲು ಬಂದಿತ್ತು. ಒಂದೇ ಅಣುವಿನ ಹಗುರ, ಭಾರ ರೂಪಗಳು ಕಾಲಮ್ಮಿನಿಂದ (ತೂಗುವ ಮೊದಲು ವಸ್ತುಗಳನ್ನು ಬೇರ್ಪಡಿಸುವ ಕೊಳವೆ) ಒಟ್ಟಿಗೇ ಹೊರಬೀಳಬೇಕು, ಅಲ್ವಾ? ಬಿದ್ದಿರಲಿಲ್ಲ. ಅವು ಒಂದು ಕೀಟೋನ್ ಮತ್ತು ಅದಕ್ಕೆ ಎರಡು ಹೈಡ್ರೋಜನ್ ಸೇರಿ ಆದ ಆಲ್ಕೋಹಾಲ್, ಎರಡು ಬೇರೆ ವಸ್ತುಗಳು. ಎತ್ತರ ಸಮ ಆದದ್ದು ಕಾಕತಾಳೀಯ.

ಇನ್ನೂ ಎರಡು ಗುಂಡಿಗಳಿವೆ, ದಿನವೂ ಯಾರಾದರೂ ಬೀಳುತ್ತಾರೆ. ಮಾದರಿ ತುಂಬ ಗಟ್ಟಿಯಿದ್ದರೆ ಎತ್ತರದ ಕಡ್ಡಿಯನ್ನು ಎಣಿಸಲಾರದೆ ಡಿಟೆಕ್ಟರ್ ಸೋಲುತ್ತದೆ. ಗಿಡ್ಡ ಕಡ್ಡಿ ಮಾತ್ರ ಸರಿ ಎಣಿಕೆಯಾಗಿ, ಮೂರಕ್ಕೊಂದು ಇರಬೇಕಾದ್ದು ಎರಡಕ್ಕೊಂದು ಕಾಣುತ್ತದೆ. ತೆಳು ಮಾಡಿ ಮತ್ತೆ ಹಾಕಿದರೆ ಮುಗಿಯಿತು. ಇನ್ನೊಂದು ಗುಂಡಿ ಆಳದ್ದು. ಒಡೆದ ತುಂಡುಗಳ ಚಿತ್ರ ನೋಡಿ ‘ಇದರಲ್ಲಿ ಜೋಡಿ ಇಲ್ಲ, ಕ್ಲೋರಿನ್ ಇಲ್ಲ’ ಅನ್ನುವುದು. ಒಡೆಯುವ ಮೊದಲು ಹಗುರ ಕ್ಲೋರಿನ್ನಿನದನ್ನಷ್ಟೇ ಆರಿಸಿಕೊಂಡಿದ್ದೇವೆ. ಕೆಂಪು ಜೋಳ ಆರಿಸಿ ಹೊರಗಿಟ್ಟ ಮೇಲೆ ರೊಟ್ಟಿಯಲ್ಲಿ ಕೆಂಪು ಎಲ್ಲಿ ಬರಬೇಕು? ಆರಿಸುವ ಕಿಟಕಿಯನ್ನು ನಾಲ್ಕು ಅಂಕ ಅಗಲ ಮಾಡಿದರೆ ಜೋಡಿ ತಾನಾಗಿ ಬರುತ್ತದೆ.

ಗಂಧಕವೂ ಸ್ವಲ್ಪ ತಲೆನೋವು. ಅದಕ್ಕೂ ಎರಡು ಅಂಕ ಭಾರದ ರೂಪವಿದೆ. ಆದರೆ ಒಂದು ಗಂಧಕ ಶೇಕಡಾ 4.5ರಷ್ಟು ಎತ್ತರ ಕೊಟ್ಟರೆ ಹೆಚ್ಚು. ಕ್ಲೋರಿನ್ನಿನ ಶೇಕಡಾ 32ನ್ನೂ ಇದರ 4.5ನ್ನೂ ಅದಲು ಬದಲು ಮಾಡುವುದು ಕಷ್ಟ.

ಬ್ರೋಮಿನ್ ಬಗ್ಗೆ ಒಂದು ರುಚಿಯ ಮಾತು ಹೇಳಿ ಮುಂದೆ ಹೋಗುತ್ತೇನೆ. ಗೋವಾದ ಮೀನು ಮಾರುಕಟ್ಟೆಯಲ್ಲಿ ಸಮುದ್ರದ ಸಿಗಡಿಗೆ ಒಂದು ವಾಸನೆ ಇದೆಯಲ್ಲ, ಸ್ವಲ್ಪ ಅಯೋಡಿನ್ ತರಹ, ಅದು ಬಹುಪಾಲು ಬ್ರೋಮೋಫೀನಾಲ್‌ಗಳದ್ದು. ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 65 ಮಿಲಿಗ್ರಾಂ ಬ್ರೋಮೈಡ್ ಇದೆ. ಪಾಚಿ, ಸ್ಪಂಜು, ಹುಳುಗಳು ಅದನ್ನು ಹಿಡಿದು ಬ್ರೋಮಿನ್ ಇರುವ ಅಣು ಕಟ್ಟುತ್ತವೆ, ಸಿಗಡಿ ಅವನ್ನು ತಿನ್ನುತ್ತದೆ. ಕೆರೆಯಲ್ಲಿ ಸಾಕಿದ ಸಿಗಡಿಗೆ ಆ ಊಟ ಇಲ್ಲ, ಅದಕ್ಕೇ ಸಪ್ಪೆ. ಡೈಬ್ರೋಮೋಫೀನಾಲ್ ಪರದೆಯ ಮೇಲೆ 250, 252, 254ರಲ್ಲಿ ಗೋಪುರ ಕಟ್ಟುತ್ತದೆ. ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಮೀನಿನ ಸಾರಿನ ಘಮ ನೋಡಬಹುದು ಅಂದರೆ ಮನೆಯಲ್ಲಿ ಯಾರೂ ನಂಬುವುದಿಲ್ಲ.

ಅಂದಹಾಗೆ ಕಾಕಾರ ಬಾಟಲಿ ಸಮುದ್ರ ಪಾಚಿಯದು ಅಂತ ಹೇಳುತ್ತಿತ್ತು. ಅದರಲ್ಲಿ ಬ್ರೋಮಿನ್ನಿನ ಜೋಡಿ ಒಂದೂ ಕಾಣಲಿಲ್ಲ.

ಇನ್ನು ಬಾಯಿ ಬಿಡದವರು. ಫ್ಲೋರಿನ್ ಎಲ್ಲವೂ 19, ಅಯೋಡಿನ್ ಎಲ್ಲವೂ 127. ನಿಸರ್ಗದಲ್ಲಿ ಬೇರೆ ರೂಪವೇ ಇಲ್ಲ. ಹಾಗಾಗಿ ಜೋಡಿಯೂ ಇಲ್ಲ, ಮೆಟ್ಟಿಲೂ ಇಲ್ಲ. ಅಯೋಡಿನ್ ಹೇಗೋ ಸಿಕ್ಕಿಬೀಳುತ್ತದೆ, ಯಾಕೆಂದರೆ ಅದು ದಢೂತಿ. ಅಣು ಒಡೆದಾಗ ಒಮ್ಮೆಗೇ 127 ಅಥವಾ 128 ಕಳಚಿ ಬೀಳುತ್ತದೆ. ಥೈರಾಯ್ಡ್ ಮಾತ್ರೆಯ ಥೈರಾಕ್ಸಿನ್ನಿನಲ್ಲಿ ನಾಲ್ಕು ಅಯೋಡಿನ್ ಇವೆ. ತೂಕ 777 ಇದ್ದರೂ ಕಾರ್ಬನ್ ಹದಿನೈದೇ. ಅಷ್ಟು ತೂಕದ ಕೊಬ್ಬಿನಲ್ಲಿ ನಲವತ್ತಕ್ಕೂ ಹೆಚ್ಚು ಕಾರ್ಬನ್ ಇರುತ್ತಿದ್ದವು, ಪಕ್ಕದ ಎಂ ಪ್ಲಸ್ 1 ಕಡ್ಡಿ ಮುಖ್ಯ ಕಡ್ಡಿಯ ಅರ್ಧದಷ್ಟು ಎದ್ದಿರುತ್ತಿತ್ತು. ಇಲ್ಲಿ ಆರನೇ ಒಂದು ಭಾಗ. ಮೈ ದೊಡ್ಡದು, ನೆರಳು ಸಣ್ಣದು. ಇದೂ ಐಸೊಟೋಪ್ ಗುರುತೇ, ಇಲ್ಲದಿರುವುದರಲ್ಲಿ ಕಾಣುವ ಗುರುತು.

ಫ್ಲೋರಿನ್‌ಗೂ ಹೀಗೇ ಬಳಸು ದಾರಿಯಿಂದ ಹೋಗಬೇಕು. ನಾನ್‌ಸ್ಟಿಕ್ ಬಾಣಲೆಯ ತಯಾರಿಕೆಯಿಂದ ಕುಖ್ಯಾತವಾದ ಪಿಎಫ್‌ಒಎ ತೆಗೆದುಕೊಳ್ಳಿ. ಅದರ ಅಯಾನು 412.966ರಲ್ಲಿ ಬರುತ್ತದೆ. ಕೊಬ್ಬಿನಂಥ ಮಾಮೂಲಿ ಅಣುವಾದರೆ 413.3ರ ಹತ್ತಿರ ಬರುತ್ತಿತ್ತು. ಹೈಡ್ರೋಜನ್ ಪ್ರತಿಯೊಂದೂ ದಶಾಂಶವನ್ನು ಸ್ವಲ್ಪ ಮೇಲಕ್ಕೆ ತಳ್ಳುತ್ತದೆ, ಫ್ಲೋರಿನ್ ಸ್ವಲ್ಪ ಕೆಳಕ್ಕೆ ಎಳೆಯುತ್ತದೆ. ಇದರ ಜೊತೆ ಎಂಟೇ ಕಾರ್ಬನ್ನಿನ ಸಣ್ಣ ನೆರಳು. ಈ ಬಳಗದ ಅಣುಗಳು ಸಾಲಾಗಿ ಬಂದರೆ ನಡುವಿನ ಅಂತರ 49.997, ಏಣಿಯ ಮೆಟ್ಟಿಲಿನಂತೆ. ಇದನ್ನೆಲ್ಲ ನೋಡಲು ನಾಲ್ಕು ದಶಾಂಶ ನಿಖರವಾಗಿ ತೋರಿಸುವ ದುಬಾರಿ ಯಂತ್ರ ಬೇಕು, ನೋಡುವವನಿಗೆ ಅನುಮಾನವೂ ಬೇಕು. ಕ್ಲೋರಿನ್ ಜೋಡಿಗೆ ಅನುಮಾನ ಬೇಕಿಲ್ಲ, ಅದೇ ಕರೆದು ಹೇಳುತ್ತದೆ.

ಇದು ದೂರದ ಊರಿನ ಮಾತಲ್ಲ. ಇಟಲಿಯ ವಿಚೆಂಜಾ ಹತ್ತಿರದ ಮಿತೆನಿ ಕಾರ್ಖಾನೆ ಇದೇ ಫ್ಲೋರಿನ್ ಬಳಗದ, ಅಂದರೆ ಪಿಎಫ್‌ಎಎಸ್ ಮಾಲಿನ್ಯದ ಗದ್ದಲದಲ್ಲಿ 2018ರಲ್ಲಿ ದಿವಾಳಿಯಾಯಿತು. ಅದರ ಯಂತ್ರಗಳು ಹಡಗು ಹತ್ತಿ ನಮ್ಮ ರತ್ನಾಗಿರಿ ಜಿಲ್ಲೆಯ ಲೋಟೆ ಕೈಗಾರಿಕಾ ಪ್ರದೇಶಕ್ಕೆ ಬಂದವು. ದ್ರಾಕ್ಷಿಯ ವಿಷಯಕ್ಕೇ ಬಂದರೂ, ಯುರೋಪಿನ ವೈನ್‌ಗಳಲ್ಲಿ ಟ್ರೈಫ್ಲೋರೋಅಸಿಟಿಕ್ ಆಮ್ಲ ಹುಡುಕಿದ ಒಂದು ವರದಿ 2025ರಲ್ಲಿ ಹೊರಬಂತು. 1988ಕ್ಕಿಂತ ಹಳೆಯ ವೈನ್‌ಗಳಲ್ಲಿ ಅದು ಸಿಗಲಿಲ್ಲ, ಹೊಸವುಗಳಲ್ಲಿ ಸಿಕ್ಕಿತು. ಫ್ರಿಜ್ಜು, ಎಸಿಯ ಅನಿಲಗಳಿಂದಲೂ, ಫ್ಲೋರಿನ್ ಇರುವ ಕೆಲವು ಕೀಟನಾಶಕಗಳಿಂದಲೂ ಕೊನೆಗೆ ಉಳಿಯುವ ಚೂರು ಅದು. ತೂಕ 114. ಸಾಮಾನ್ಯ ಪದ್ಧತಿ ಅದನ್ನೂ ಕ್ಲೋರ್ಮೆಕ್ವಾಟಿನ ಹಾಗೇ ಸಿಂಕಿಗೆ ಚೆಲ್ಲುತ್ತದೆ.

ಮತ್ತೆ ಕಾಕಾರ ಬಾಟಲಿಗೆ. 122ರ ಸಂಭ್ರಮದಲ್ಲಿ ನಾನು ಯಂತ್ರ ಬಂದ್ ಮಾಡಿ ಮನೆಗೆ ಹೊರಟಿದ್ದೆ. 230ರಲ್ಲಿ ಇನ್ನೊಂದು ಕಡ್ಡಿ ಇತ್ತು, ಒಂಟಿ. ಎಂ ಪ್ಲಸ್ 2 ಜಾಗ ಖಾಲಿ. ಸಕ್ಕರೆಯೋ ಪಾಚಿಯ ಏನೋ ಅಂದುಕೊಂಡು ಬಿಟ್ಟಿದ್ದೆ. ಮರುದಿನ ಚಹಾ ಕುಡಿಯುವಾಗ ದಶಾಂಶ ನೆನಪಾಯಿತು: 230.0536. ಆ ತೂಕಕ್ಕೆ ಇದು ತೀರಾ ಕಡಿಮೆ. ಹಿಂದೆ ಹೋಗಿ ಎಂ ಪ್ಲಸ್ 1 ನೋಡಿದೆ, ಶೇಕಡಾ 11. ಅಂದರೆ ಕಾರ್ಬನ್ ಒಂಬತ್ತು, ಹತ್ತು. ಉಳಿದ ತೂಕ ಯಾರದ್ದು? ಗಂಧಕ ಅಲ್ಲ, ಕ್ಲೋರಿನ್ ಅಲ್ಲ. ಸಾಫ್ಟ್‌ವೇರ್ ಕೊಟ್ಟ ಸೂತ್ರಗಳ ಪಟ್ಟಿಯಲ್ಲಿ ಮೂರು ಫ್ಲೋರಿನ್ನಿನದು ಒಂದಿತ್ತು. ಒಡೆದರೆ 27 ಕಳಚಿ 203 ಬಂತು. ಫ್ಲೋನಿಕಾಮಿಡ್ ಇರಬಹುದು ಅನ್ನಿಸಿತು, ರಸ ಹೀರುವ ಹುಳಕ್ಕೆ ಹೊಡೆಯುವ ಔಷಧ. ಕಪಾಟಿನಲ್ಲಿ ಅದರ ಸ್ಟ್ಯಾಂಡರ್ಡ್ ಇರಲಿಲ್ಲ. ತರಿಸಲು ಮೂರು ದಿನ ಹಿಡಿಯಿತು. ಅದೇ ಕಾಲಮ್ಮಿಗೆ ಹಾಕಿದೆ. ಅದೇ ನಿಮಿಷಕ್ಕೆ, ಅದೇ ತುಂಡುಗಳು ಬಂದವು.

ಕ್ಲೋರಿನ್‌ಗೆ ಮೂರು ಸೆಕೆಂಡು, ಫ್ಲೋರಿನ್‌ಗೆ ನಾಲ್ಕು ದಿನ. ಅದೂ ಚಹಾದ ಹೊತ್ತಿಗೆ ನೆನಪಾದ್ದರಿಂದ.

ನನ್ನ ಅಭಿಪ್ರಾಯ ಕೇಳಿದರೆ, ರಫ್ತಿನ ಮಾದರಿಗಳಲ್ಲಿ ಹತ್ತಕ್ಕೊಂದನ್ನಾದರೂ ಫುಲ್ ಸ್ಕ್ಯಾನಿಗೆ ಹಾಕಬೇಕು. ಮಾಂಜರಿಯ ದ್ರಾಕ್ಷಿ ಸಂಶೋಧನಾ ಕೇಂದ್ರ ಇಲ್ಲೇ ಪಕ್ಕದಲ್ಲಿದೆ. ರಫ್ತು ದ್ರಾಕ್ಷಿಗೆ ರಾಷ್ಟ್ರಮಟ್ಟದ ರೆಫರಲ್ ಲ್ಯಾಬ್ ಅದೇ. ಪಟ್ಟಿ ಬೆಳೆಸುವುದು ಅಲ್ಲಿನವರ ಕೈಯಲ್ಲಿದೆ. ಆದರೆ ಪಟ್ಟಿಗೆ ಹೆಸರು ಸೇರುವ ಮೊದಲು ಯಾರೋ ಒಬ್ಬರು ಪಟ್ಟಿಯ ಹೊರಗೆ ಕಣ್ಣು ಹಾಯಿಸಿರಬೇಕು. ತೋಟದಲ್ಲಿ ಹೊಡೆಯುವ ಟಾನಿಕ್ಕುಗಳನ್ನು ಪರೀಕ್ಷಿಸುವುದು ಇನ್ನೂ ಅಗ್ಗ. ಹಣ್ಣಿನಲ್ಲಿ ಹತ್ತು ಕೋಟಿಗೊಂದು ಪಾಲು ಹುಡುಕಬೇಕು. ಬಾಟಲಿಯಲ್ಲಿ ಅದು ಚಮಚಗಟ್ಟಲೆ ಕೂತಿರುತ್ತದೆ.

ಕಾಕಾಗೆ ಫೋನ್ ಮಾಡಿ ಎರಡೂ ಹೆಸರು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು.

‘ಅದಕ್ಕs ಈ ವರ್ಷ ಹುಳಾನೂ ಕಡಿಮಿ ಇತ್ತು ನೋಡು. ಪಾಚಿ ಭಾರಿ ಚಲೋ ಐತಿ ಅಂದ್ಕೊಂಡಿದ್ನಿ.’

ಬಾಟಲಿ ಕೊಟ್ಟ ಅಂಗಡಿಯವನನ್ನು ಕೇಳಿದಿರಾ ಅಂದೆ. ಕೇಳಿದರಂತೆ. ಅವನು ಈ ಸಲ ಅದನ್ನು ತರಿಸಿಲ್ಲ, ಬೇರೆ ಬಂದಿದೆ, ಇದು ಅದಕ್ಕಿಂತ ಪವರ್‌ಫುಲ್ ಅಂದನಂತೆ.

‘ಒಂದ್ ಬಾಟ್ಲಿ ಇಸಗೊಂಡ್ ಬಂದೇನಿ. ಶನಿವಾರ ನಮ್ಮ ಕಡೆ ಹುಡುಗ ಒಬ್ಬ ಪುಣೆಕ್ಕ ಬರಾವ ಅದಾನು, ಅವನ ಕೈಯಾಗ ಕಳಸ್ತೀನಿ. ಅದರಾಗ ಎಷ್ಟ್ ಕಡ್ಡಿ ಅದಾವ ನೋಡು.’